ಫಲಿತಾಂಶದ ದಿನ ಮನೆಯೊಳಗೆ



ಎಸ್‌ಎಸ್‌ಎಲ್‌ಸಿ ಫಲಿತಾಂಶದ ದಿನ ಮನೆಯ ಫೋನು ಸುಮ್ಮನಿರುವುದಿಲ್ಲ. ಅತ್ತೆ ಕೇಳುತ್ತಾರೆ, ಚಿಕ್ಕಪ್ಪ ಕೇಳುತ್ತಾರೆ, ಎದುರುಮನೆಯವರು ಕಾಂಪೌಂಡಿನಾಚೆಯಿಂದಲೇ ಕೂಗಿ ಕೇಳುತ್ತಾರೆ: "ಎಷ್ಟು ಬಂತು?" ಗಣಿತದಲ್ಲಿ ಫೇಲಾದ ಹುಡುಗಿ ಒಳಗೆ ಕೂತು ಇದನ್ನೆಲ್ಲ ಕೇಳಿಸಿಕೊಳ್ಳುತ್ತಿರುತ್ತಾಳೆ. ತನ್ನ ಅಂಕ ಅವಳಿಗೆ ಗೊತ್ತು. ಅಪ್ಪ ಏನನ್ನುತ್ತಾರೆ, ಯಾವ ದನಿಯಲ್ಲಿ ಅನ್ನುತ್ತಾರೆ ಎಂಬುದು ಮಾತ್ರ ಗೊತ್ತಿಲ್ಲ.

ಸೋಲು ಎಷ್ಟು ದೊಡ್ಡದು ಎಂಬುದನ್ನು ಮಕ್ಕಳು ಅಳೆಯುವುದು ಇಂಥ ಹೊತ್ತಿನಲ್ಲೇ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕೈಲಾ ಹೈಮೋವಿಟ್ಜ್ ಮತ್ತು ಕ್ಯಾರಲ್ ಡ್ವೆಕ್ 2016ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ತೋರಿಸಿತು. ಬುದ್ಧಿ ಹುಟ್ಟಿನಿಂದ ಬಂದದ್ದೋ, ಬೆಳೆಸಿಕೊಳ್ಳುವಂಥದ್ದೋ ಎಂಬ ಬಗ್ಗೆ ತಂದೆತಾಯಿಯ ನಂಬಿಕೆ ಮಕ್ಕಳಿಗೆ ಅಷ್ಟಾಗಿ ದಾಟಿರಲಿಲ್ಲ. ಆದರೆ ಸೋತಾಗ ಅವರು ನಡೆದುಕೊಂಡ ರೀತಿ ಮಕ್ಕಳ ಕಣ್ಣಿಗೆ ಬಿದ್ದಿತ್ತು. ಸೋಲನ್ನು ಅನಾಹುತವೆಂದು ಕಂಡವರ ಮಕ್ಕಳು, ಬುದ್ಧಿ ಇದ್ದಷ್ಟೇ, ಬೆಳೆಯುವುದಿಲ್ಲ ಎಂದು ನಂಬುವತ್ತ ವಾಲಿದ್ದರು.

ಬೈಯುವುದು, ಹೊಡೆಯುವುದು, ದೊಡ್ಡಮ್ಮನ ಮಗನ ಜೊತೆ ಹೋಲಿಸುವುದು ತಪ್ಪೆಂದು ಈಗ ಬಹಳ ಜನ ಒಪ್ಪುತ್ತಾರೆ. ನನ್ನನ್ನು ಹೆಚ್ಚು ಕಾಡುವುದು ಪ್ರೀತಿಯಿಂದಲೇ ಆಡುವ ಒಂದು ಮಾತು. "ಹೋಗ್ಲಿ ಬಿಡು ಪುಟ್ಟಿ, ಗಣಿತ ನಮ್ಮ ವಂಶಕ್ಕೇ ಹತ್ತಲ್ಲ" ಎಂದು ತಾಯಿ ತಲೆ ನೇವರಿಸುತ್ತಾಳೆ. ಮಗಳ ಕಣ್ಣೀರೇನೋ ನಿಲ್ಲುತ್ತದೆ. ಜೊತೆಗೆ, ಇನ್ನು ಪ್ರಯತ್ನ ಪಟ್ಟು ಫಲವಿಲ್ಲ ಎಂಬುದೂ ಅವಳ ಮನಸ್ಸಿನಲ್ಲಿ ಗಟ್ಟಿಯಾಗುತ್ತದೆ. ಆ ತಾಯಿಗೆ ಅದು ಬೇಕಿರಲಿಲ್ಲ.

ಮೊದಲ ದಿನ ಅಳಲು ಬಿಡಿ. ಊಟಕ್ಕೆ ಎಂದಿನಂತೆ ಕರೆಯಿರಿ. ಫೋನು ಮಾಡಿದವರಿಗೆ "ಗಣಿತ ಇನ್ನೊಂದು ಸಲ ಬರೀತಾಳೆ" ಎಂದು ಅವಳಿಗೂ ಕೇಳಿಸುವಂತೆ ಹೇಳಿ. ಅದು ಸುಳ್ಳು ಸಮಾಧಾನವಲ್ಲ, ಅದೇ ವರ್ಷ ಮತ್ತೆ ಬರೆಯುವ ಅವಕಾಶ ನಮ್ಮ ರಾಜ್ಯದಲ್ಲಿದೆ. ಎರಡು ದಿನ ಕಳೆದ ಮೇಲೆ ಉತ್ತರಪತ್ರಿಕೆಯ ನಕಲು ಪ್ರತಿಗೆ ಅರ್ಜಿ ಹಾಕಿ, ಗಣಿತದ ಮೇಷ್ಟ್ರ ಹತ್ತಿರ ಅವಳನ್ನು ಕೂರಿಸಿ. ಪ್ರಮೇಯದ ಚಿತ್ರ ಬಿಟ್ಟಿದ್ದಾಳೋ, ಹಂತಗಳನ್ನು ಬರೆಯದೆ ಉತ್ತರಕ್ಕೆ ಹಾರಿದ್ದಾಳೋ, ಕೊನೆಯ ಪ್ರಶ್ನೆಗಳಿಗೆ ಸಮಯವೇ ಸಾಲಲಿಲ್ಲವೋ? "ನಾನು ದಡ್ಡಿ" ಎನ್ನುತ್ತಿದ್ದ ಹುಡುಗಿಯ ಕೈಗೆ ಆಗ ತಿದ್ದಿಕೊಳ್ಳಬಹುದಾದ ನಾಲ್ಕು ತಪ್ಪು ಸಿಗುತ್ತವೆ.

ಅಂಕದ ಸೋಲಿಗೆ ಮರುಪರೀಕ್ಷೆಯಾದರೂ ಇದೆ. ಕಬಡ್ಡಿ ತಂಡಕ್ಕೆ ಆರಿಸದಿದ್ದಾಗ, ಗೆಳತಿಯರು ತನ್ನೊಬ್ಬಳನ್ನೇ ಬಿಟ್ಟು ಹುಟ್ಟುಹಬ್ಬ ಮಾಡಿದಾಗ ಅದೂ ಇಲ್ಲ. "ಅಷ್ಟಕ್ಕೆಲ್ಲ ಅಳ್ತಾರಾ?" ಎನ್ನಬೇಡಿ. 2003ರ ಒಂದು ಪ್ರಯೋಗದಲ್ಲಿ, ಕಂಪ್ಯೂಟರಿನ ಚೆಂಡಾಟದಿಂದ ಹೊರಗಿಟ್ಟಾಗ ವಯಸ್ಕರ ಮಿದುಳಿನಲ್ಲಿ ಚುರುಕಾದದ್ದು ದೇಹದ ನೋವಿಗೂ ಸ್ಪಂದಿಸುವ ಭಾಗ. ಮುಖ ಕಾಣದ ಆಟಗಾರರು ಚೆಂಡು ಕೊಡದಿದ್ದುದಕ್ಕೇ ಅಷ್ಟು! ಮಗುವಿಗಾಗಿ ಕೋಚ್ ಹತ್ತಿರ ಜಗಳಕ್ಕೆ ಹೋಗುವ ಮುನ್ನ ಅದರ ಮಾತು ಪೂರ್ತಿ ಕೇಳಿ. ಎಷ್ಟೋ ಸಲ ಅದಕ್ಕೆ ಬೇಕಿರುವುದು ಅಷ್ಟೇ.

ಹಾಗೆಂದು ಎಲ್ಲ ದುಃಖವೂ ತಾನಾಗಿ ಇಳಿಯುವುದಿಲ್ಲ. ಮಗು ದಿನಗಟ್ಟಲೆ ಊಟ ನಿದ್ದೆ ಬಿಟ್ಟರೆ, "ನಾನು ಇಲ್ದಿದ್ರೇ ನಿಮಗೆ ನೆಮ್ಮದಿ" ಎಂದರೆ, ಹುಡುಗಾಟವೆಂದು ತಳ್ಳಿಹಾಕಬೇಡಿ. "ಸಾಯಬೇಕು ಅನ್ನಿಸ್ತಿದೆಯಾ ಮಗಾ?" ಎಂದು ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬ ಭಯ ಬೇಡ. ಹೌದು ಎಂದರೆ ಒಬ್ಬರನ್ನೇ ಬಿಡಬೇಡಿ, ಕೂಡಲೇ ವೈದ್ಯರಲ್ಲಿಗೆ ಕರೆದೊಯ್ಯಿರಿ. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ, ಉಚಿತವಾಗಿ, ಕನ್ನಡದಲ್ಲೇ ಮಾತಾಡುತ್ತಾರೆ. ಮಗು ಒಪ್ಪದಿದ್ದರೆ ನೀವೇ ಕರೆ ಮಾಡಿ ಸಲಹೆ ಕೇಳಬಹುದು.