ಏಳರ ಎಣಿಕೆ, ಇಪ್ಪತ್ತು ನಿಮಿಷದ ಹಾಡು: ಇಂದಿನ ಪ್ರೋಗ್ರೆಸಿವ್ ರಾಕ್ ತಂಡಗಳು



ಒಂದು ಹಾಡು ಎಷ್ಟು ಹೊತ್ತು ಇರಬೇಕು? ಚಲನಚಿತ್ರ ಗೀತೆಗಳನ್ನು ಕೇಳಿ ಬೆಳೆದವರು ನಾಲ್ಕೈದು ನಿಮಿಷ ಎಂದಾರು. ಸಂಗೀತ ಕಛೇರಿಗೆ ಹೋಗುವವರು ರಾಗ, ತಾನ, ಪಲ್ಲವಿಯನ್ನು ನೆನೆದು ಒಂದು ಗಂಟೆ ಎಂದಾರು. ಯಕ್ಷಗಾನ ಪ್ರಿಯರನ್ನು ಕೇಳಿದರೆ, ಬೆಳಗಿನ ಜಾವದವರೆಗೂ ಭಾಗವತರು ಹಾಡಲಿ ಎಂದಾರು. ಪಾಶ್ಚಾತ್ಯರ ರಾಕ್ ಸಂಗೀತದಲ್ಲಿ ಈ ಪ್ರಶ್ನೆಯನ್ನು ಮನಸ್ಸಿಟ್ಟು ಕೇಳಿಕೊಂಡವರು ಪ್ರೋಗ್ರೆಸಿವ್ ರಾಕ್ ಎಂಬ ಪಂಥದವರು. ಇಂದು ನಾನು ನಿಮಗೆ ಪರಿಚಯಿಸಬೇಕೆಂದಿರುವುದು ಈ ಪಂಥವನ್ನು, ಅದರಲ್ಲೂ 1980ರ ನಂತರ ಬಂದ ಕೆಲವು ಮುಖ್ಯ ತಂಡಗಳನ್ನು.

ಮೊದಲು ಸ್ವಲ್ಪ ಹಿನ್ನೆಲೆ ನೋಡೋಣ. ಆಗ ಹಾಡಿನ ಉದ್ದವನ್ನು ನಿರ್ಧರಿಸುತ್ತಿದ್ದುದು ಹಾಡುಗಾರನಲ್ಲ, ಗ್ರಾಮಫೋನ್ ತಟ್ಟೆ. ನಿಮಿಷಕ್ಕೆ 45 ಸುತ್ತು ತಿರುಗುವ ಚಿಕ್ಕ ತಟ್ಟೆಯ ಒಂದು ಮಗ್ಗುಲಲ್ಲಿ ಮೂರು ನಾಲ್ಕು ನಿಮಿಷದ ಸಂಗೀತ ಹಿಡಿಯುತ್ತಿತ್ತು. ರೇಡಿಯೋದವರೂ ಅದನ್ನೇ ಬಯಸುತ್ತಿದ್ದರು. 1948ರಲ್ಲಿ ಬಂದ ಎಲ್.ಪಿ. ತಟ್ಟೆ ನಿಮಿಷಕ್ಕೆ ಮೂವತ್ತಮೂರೂ ಚಿಲ್ಲರೆ ಸುತ್ತು ತಿರುಗುತ್ತಿತ್ತು. ಅದರ ಒಂದು ಮಗ್ಗುಲಲ್ಲಿ ಇಪ್ಪತ್ತು ನಿಮಿಷಕ್ಕೂ ಮಿಕ್ಕಿ ಜಾಗವಿತ್ತು. ಆ ಜಾಗವನ್ನು ಬಿಡಿ ಬಿಡಿ ಹಾಡುಗಳಿಂದ ತುಂಬುವ ಬದಲು ಒಂದೇ ದೀರ್ಘ ರಚನೆಯಿಂದ ಏಕೆ ತುಂಬಬಾರದು ಎಂದು 1960ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಕೆಲವು ತರುಣರಿಗೆ ಅನ್ನಿಸಿತು. 1969ರಲ್ಲಿ ಕಿಂಗ್ ಕ್ರಿಮ್ಸನ್ ತಂಡದ ಮೊದಲ ಆಲ್ಬಮ್ ಬಂತು. 1972ರಲ್ಲಿ ಯೆಸ್ ತಂಡ 'ಕ್ಲೋಸ್ ಟು ದ ಎಡ್ಜ್' ಎಂಬ ಒಂದೇ ರಚನೆಯಿಂದ ತಟ್ಟೆಯ ಒಂದು ಮಗ್ಗುಲನ್ನು ತುಂಬಿತು. ಪಿಂಕ್ ಫ್ಲಾಯ್ಡ್, ಜೆನೆಸಿಸ್, ಜೆಥ್ರೋ ಟಲ್ ಇವೆಲ್ಲ ಅದೇ ಕಾಲದ ಹೆಸರುಗಳು.

ಆದರೆ 1976–77ರ ವೇಳೆಗೆ ಗಾಳಿ ಬದಲಾಯಿತು. ಪಂಕ್ ಎಂಬ ಹೊಸ ಅಲೆ ಎದ್ದಿತು. ಮೂರೇ ಸ್ವರಮೇಳ ಕಲಿತ ಹುಡುಗನೂ ಹಾಡಬಹುದು, ಇಷ್ಟೊಂದು ಪಾಂಡಿತ್ಯ ಯಾರಿಗೆ ಬೇಕು ಎಂಬುದು ಅವರ ವಾದ. ಆ ವಾದದಲ್ಲಿ ಹುರುಳಿರಲಿಲ್ಲ ಎನ್ನಲಾಗದು. ಕೆಲವು ತಂಡಗಳ ಸಂಗೀತದಲ್ಲಿ ಕೈಚಳಕದ ಪ್ರದರ್ಶನವೇ ಹೆಚ್ಚಾಗಿ ಭಾವ ಹಿಂದೆ ಸರಿದಿತ್ತು. ಪ್ರೋಗ್ರೆಸಿವ್ ರಾಕ್ ಮುಗಿದ ಅಧ್ಯಾಯ ಎಂದೇ ಹಲವರು ಬರೆದರು. ಅದು ಮುಗಿಯಲಿಲ್ಲ. ಏಕೆ ಮುಗಿಯಲಿಲ್ಲ ಎಂಬುದನ್ನು ಮುಂದಿನ ತಂಡಗಳ ಕಥೆ ಹೇಳುತ್ತದೆ.

ಯಾವ ತಂಡ ಮುಖ್ಯ ಎಂದು ಹೇಳಲು ಒಂದು ಅಳತೆಗೋಲು ಬೇಕಲ್ಲವೇ? ನಾನು ಎರಡು ಪ್ರಶ್ನೆಗಳನ್ನು ಇಟ್ಟುಕೊಂಡಿದ್ದೇನೆ. ಈ ತಂಡ ತನಗಿಂತ ಹಿಂದಿನವರು ಮಾಡದ ಯಾವುದನ್ನು ಮಾಡಿತು? ಅದರ ದೀರ್ಘ ರಚನೆಗೆ ಆ ದೀರ್ಘತೆ ನಿಜಕ್ಕೂ ಬೇಕಿತ್ತೇ?

ಮೊದಲನೆಯದು ಮರಿಲಿಯನ್, ಇಂಗ್ಲೆಂಡಿನ ಏಲ್ಸ್‌ಬರಿ ಊರಿನ ತಂಡ. ಇದರ ಮೊದಲ ಆಲ್ಬಮ್ 1983ರಲ್ಲಿ ಬಂತು. 1988ರಲ್ಲಿ ಫಿಶ್ ಎಂಬ ಹೆಸರಿನ ಮುಖ್ಯ ಗಾಯಕ ತಂಡವನ್ನು ಬಿಟ್ಟ. ಮರುವರ್ಷ ಸ್ಟೀವ್ ಹೊಗಾರ್ತ್ ಬಂದ. ಗಾಯಕ ಬದಲಾದರೆ ತಂಡ ಉಳಿಯುವುದು ಕಷ್ಟ, ಇದು ಉಳಿಯಿತು. ಆದರೆ ಮರಿಲಿಯನ್‌ನ ದೊಡ್ಡ ಕೊಡುಗೆ ಬೇರೆಯೇ ಇದೆ. 1997ರಲ್ಲಿ ಅಮೆರಿಕ ಪ್ರವಾಸಕ್ಕೆ ತಂಡದ ಬಳಿ ಹಣವಿರಲಿಲ್ಲ. ಈ ಸುದ್ದಿ ಅಂತರ್ಜಾಲದ ಮೂಲಕ ಅಭಿಮಾನಿಗಳಿಗೆ ತಿಳಿಯಿತು. ಅವರೇ ಒಟ್ಟಾಗಿ ಸುಮಾರು 60,000 ಡಾಲರ್ ಕೂಡಿಸಿಕೊಟ್ಟರು! ಇದರಿಂದ ಧೈರ್ಯ ತಂದುಕೊಂಡ ತಂಡ 2001ರ ಆಲ್ಬಮ್‌ಗಾಗಿ, ಹಾಡುಗಳನ್ನು ಮುದ್ರಿಸುವ ಮೊದಲೇ, ಕೇಳುಗರಿಂದ ಮುಂಗಡ ಹಣ ಕೇಳಿತು. 12,000ಕ್ಕೂ ಹೆಚ್ಚು ಜನ ಕೊಟ್ಟರು. ಊರವರು ವಂತಿಗೆ ಎತ್ತಿ ಬಯಲಾಟ ಆಡಿಸುವುದನ್ನು ಕಂಡ ನಮಗೆ ಇದು ತೀರ ಹೊಸದೆನಿಸದು. ಆದರೆ ದೊಡ್ಡ ಕಂಪನಿಗಳ ಹಿಡಿತದಲ್ಲಿದ್ದ ಸಂಗೀತ ವ್ಯಾಪಾರಕ್ಕೆ ಇದು ಹೊಸ ಪಾಠವಾಗಿತ್ತು. ಅಂತರ್ಜಾಲದಲ್ಲಿ ಹೀಗೆ ವಂತಿಗೆ ಎತ್ತಲೆಂದೇ ಇರುವ ತಾಣಗಳು ಬಳಕೆಗೆ ಬಂದದ್ದು ಇದಾದ ಎಷ್ಟೋ ವರ್ಷಗಳ ಮೇಲೆ.

ಎರಡನೆಯದು ಅಮೆರಿಕದ ಡ್ರೀಮ್ ಥಿಯೇಟರ್. 1985ರಲ್ಲಿ ಬಾಸ್ಟನ್ನಿನ ಬರ್ಕ್ಲೀ ಸಂಗೀತ ಕಾಲೇಜಿನಲ್ಲಿ ಓದುತ್ತಿದ್ದ ಮೂವರು ಇದನ್ನು ಕಟ್ಟಿದರು: ಗಿಟಾರಿನ ಜಾನ್ ಪೆಟ್ರೂಚಿ, ಬೇಸ್ ಗಿಟಾರಿನ ಜಾನ್ ಮ್ಯುಂಗ್, ಡ್ರಮ್ಸ್‌ನ ಮೈಕ್ ಪೋರ್ಟ್‌ನಾಯ್. ನಿಮ್ಮದೇ ವಯಸ್ಸಿನವರು ಎನ್ನಿ. ಯೆಸ್, ಜೆನೆಸಿಸ್ ತಂಡಗಳ ವಿಸ್ತಾರವನ್ನು ಹೆವಿ ಮೆಟಲ್‌ನ ಗಡುಸುತನಕ್ಕೆ ಬೆಸೆದದ್ದು ಇವರ ಸಾಧನೆ. 1992ರ 'ಇಮೇಜಸ್ ಅಂಡ್ ವರ್ಡ್ಸ್' ಆಲ್ಬಮ್‌ನ ಎಂಟು ನಿಮಿಷಕ್ಕೂ ಮಿಕ್ಕಿದ ಒಂದು ಹಾಡು ರೇಡಿಯೋದಲ್ಲೂ ಟಿ.ವಿ.ಯಲ್ಲೂ ಜನಪ್ರಿಯವಾಯಿತು. 1999ರ 'ಸೀನ್ಸ್ ಫ್ರಮ್ ಎ ಮೆಮೊರಿ' ಆರಂಭದಿಂದ ಕೊನೆಯವರೆಗೆ ಒಂದೇ ಕಥೆಯನ್ನು ಹೇಳುವ ಆಲ್ಬಮ್. 2010ರಲ್ಲಿ ತಂಡ ಬಿಟ್ಟ ಪೋರ್ಟ್‌ನಾಯ್ 2023ರಲ್ಲಿ ಮರಳಿ ಬಂದ. ಈ ನಡುವೆ, 2022ರಲ್ಲಿ, ತಂಡಕ್ಕೆ ಗ್ರ್ಯಾಮಿ ಪ್ರಶಸ್ತಿಯೂ ಬಂತು.

ಇಲ್ಲಿ ಒಂದು ಮಾತು. 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ.ಯಲ್ಲಿ 74 ನಿಮಿಷದಷ್ಟು ಸಂಗೀತ ಹಿಡಿಯುತ್ತಿತ್ತು. ಎಲ್.ಪಿ.ಯ ಇಕ್ಕಟ್ಟು ಹೋಯಿತು. ಅದರ ಶಿಸ್ತೂ ಹೋಯಿತು. ಡ್ರೀಮ್ ಥಿಯೇಟರ್‌ನ 2002ರ ಒಂದು ರಚನೆ 42 ನಿಮಿಷ ಸಾಗುತ್ತದೆ. ಇವರ ಕೆಲವು ಆಲ್ಬಮ್‌ಗಳಲ್ಲಿ ಕತ್ತರಿ ಆಡಿಸಬೇಕಾದ ಕಡೆಗಳಿವೆ. ನಿಮಿಷಗಳನ್ನು ಕತ್ತರಿಸುವುದೇ ನನ್ನ ವೃತ್ತಿಯಾದ್ದರಿಂದ ನನಗೆ ಹಾಗೆ ಕಾಣುವುದೋ ಏನೋ! ಆದರೆ ಜಾಗವಿದೆ ಎಂದ ಮಾತ್ರಕ್ಕೆ ತುಂಬಲೇಬೇಕೆಂದಿಲ್ಲ ಎಂಬುದು ಉತ್ತರಪತ್ರಿಕೆ ಬರೆಯುವ ನಿಮಗೂ ಒಪ್ಪಿಗೆಯಾಗಬಹುದು.

ಮೂರನೆಯದು ಲಾಸ್ ಏಂಜಲೀಸ್‌ನಲ್ಲಿ 1990ರಲ್ಲಿ ಹುಟ್ಟಿದ ಟೂಲ್. ವಿಜ್ಞಾನದ ವಿದ್ಯಾರ್ಥಿಗಳಿಗೆ ಈ ತಂಡ ವಿಶೇಷವಾಗಿ ಹಿಡಿಸೀತು. 2001ರ 'ಲ್ಯಾಟರಲಸ್' ಎಂಬ ಹಾಡಿನ ಆರಂಭದಲ್ಲಿ ಗಾಯಕ ಉಚ್ಚರಿಸುವ ಅಕ್ಷರಗಳನ್ನು ಎಣಿಸುತ್ತಾ ಹೋಗಿ. 1, 1, 2, 3, 5, 8 ಎಂದು ಏರಿ, ಮತ್ತೆ ಇಳಿಯುತ್ತದೆ. ಗಣಿತದಲ್ಲಿ ನೀವು ಓದಿರುವ ಫಿಬೊನಾಚಿ ಶ್ರೇಣಿ ಇದೇ. ಹಿಂದಿನ ಎರಡು ಸಂಖ್ಯೆಗಳನ್ನು ಕೂಡಿಸಿದರೆ ಮುಂದಿನದು. ಅದೇ ಹಾಡಿನಲ್ಲಿ ತಾಳವು 9, 8, 7 ಎಂದು ಬದಲಾಗುತ್ತದೆ. 987 ಎಂಬುದು ಆ ಶ್ರೇಣಿಯ 16ನೆಯ ಸಂಖ್ಯೆ.

ಈ ಶ್ರೇಣಿಗೂ ನಮ್ಮ ಛಂದಸ್ಸಿಗೂ ಹತ್ತಿರದ ನಂಟಿದೆ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು ಮಾತ್ರೆ ಎಂದು ನೀವು ಹೈಸ್ಕೂಲಿನಲ್ಲೇ ಪ್ರಸ್ತಾರ ಹಾಕಿದ್ದೀರಿ. ಈಗ ಎರಡು ಮಾತ್ರೆಗಳನ್ನು ಎಷ್ಟು ವಿಧವಾಗಿ ತುಂಬಬಹುದು ನೋಡಿ: ಎರಡು ಲಘು ಅಥವಾ ಒಂದು ಗುರು, ಅಂದರೆ 2 ವಿಧ. ಮೂರು ಮಾತ್ರೆಗಳನ್ನು 3 ವಿಧವಾಗಿ, ನಾಲ್ಕನ್ನು 5 ವಿಧವಾಗಿ, ಐದನ್ನು 8 ವಿಧವಾಗಿ ತುಂಬಬಹುದು. ಕಾಗದದ ಮೇಲೆ ಬರೆದು ನೋಡಿದರೆ ಕಾರಣವೂ ಹೊಳೆಯುತ್ತದೆ. ಐದು ಮಾತ್ರೆಯ ಸಾಲು ಲಘುವಿನಿಂದ ಮುಗಿದರೆ ಅದರ ಹಿಂದೆ ನಾಲ್ಕು ಮಾತ್ರೆ, ಗುರುವಿನಿಂದ ಮುಗಿದರೆ ಮೂರು ಮಾತ್ರೆ ಉಳಿಯುತ್ತದೆ. ಆದ್ದರಿಂದ 5ಕ್ಕೆ 3 ಕೂಡಿ 8. ಇಟಲಿಯ ಫಿಬೊನಾಚಿ ತನ್ನ ಗ್ರಂಥ ಬರೆದದ್ದು 1202ರಲ್ಲಿ. ಅದಕ್ಕೂ ಮೊದಲೇ, 12ನೆಯ ಶತಮಾನದ ಹೇಮಚಂದ್ರನೂ ಅವನಿಗಿಂತ ಹಿಂದಿನ ವಿರಹಾಂಕನೂ ಮಾತ್ರಾವೃತ್ತಗಳನ್ನು ಕುರಿತು ಹೇಳುವಾಗ ಈ ಲೆಕ್ಕವನ್ನು ಕೊಟ್ಟಿದ್ದಾರೆ. ಟೂಲ್ ತಂಡದವರು ನಮ್ಮಿಂದ ಕಲಿತರೆಂದು ನಾನು ಹೇಳುತ್ತಿಲ್ಲ, ಅದಕ್ಕೆ ಆಧಾರವಿಲ್ಲ. ಲಯವನ್ನು ಎಣಿಸಲು ಹೊರಟವರು ಎಲ್ಲಿಯವರಾದರೂ ಒಂದೇ ಗಣಿತದ ಬಾಗಿಲಿಗೆ ಬಂದು ನಿಲ್ಲುತ್ತಾರೆ ಎಂಬುದಷ್ಟೇ ಇಲ್ಲಿನ ಸ್ವಾರಸ್ಯ.

ಪ್ರೋಗ್ರೆಸಿವ್ ರಾಕ್‌ನ ತಾಳ ಕಷ್ಟ ಎಂದು ಪಾಶ್ಚಾತ್ಯ ಕೇಳುಗರೇ ದೂರುವುದುಂಟು. ನಾಲ್ಕರ ಎಣಿಕೆಗೆ ಒಗ್ಗಿದ ಕಿವಿಗೆ ಐದು, ಏಳು ಎಡವಿದಂತೆ ಕೇಳುತ್ತವೆ. ನಮಗೆ ಆ ಕಷ್ಟವಿರಬಾರದು. ಕುಮಾರವ್ಯಾಸನ ಭಾಮಿನಿ ಷಟ್ಪದಿ ಮೂರು ಮತ್ತು ನಾಲ್ಕು ಮಾತ್ರೆಗಳ ಗಣಗಳಲ್ಲಿ, ಅಂದರೆ ಏಳರ ಲಯದಲ್ಲಿ ನಡೆಯುತ್ತದೆ. ಲಕ್ಷ್ಮೀಶನ ವಾರ್ಧಕ ಷಟ್ಪದಿ ಐದರ ಲಯದ್ದು. ಟೂಲ್‌ನ 'ಸ್ಕಿಸಮ್' ಎಂಬ ಹಾಡಿನ ಮುಖ್ಯ ಭಾಗ ಐದು ಮತ್ತು ಏಳನ್ನು ಒಂದಾದ ಮೇಲೊಂದು ಹೆಣೆಯುತ್ತದೆ. ಕೈಯಲ್ಲಿ ತಾಳ ಹಾಕುತ್ತಾ 'ತಕ ತಕಿಟ, ತಕಿಟ ತಕಧಿಮಿ' ಎಂದು ಹೇಳಿಕೊಂಡು ಕೇಳಿ. ಎಡವುವುದು ನಿಂತು ನಡಿಗೆ ಸಿಗುತ್ತದೆ.

ನಾಲ್ಕನೆಯದು ಇಂಗ್ಲೆಂಡಿನ ಪೋರ್ಕ್ಯುಪೈನ್ ಟ್ರೀ. ಇದು 1987ರಲ್ಲಿ ಆರಂಭವಾದದ್ದು ತಮಾಷೆಯಾಗಿ. ಸ್ಟೀವನ್ ವಿಲ್ಸನ್ ಎಂಬ ತರುಣ ಇಲ್ಲದ ತಂಡವೊಂದಕ್ಕೆ ಸುಳ್ಳು ಚರಿತ್ರೆಯನ್ನೇ ಕಟ್ಟಿ, ಮನೆಯಲ್ಲಿ ಒಬ್ಬನೇ ಎಲ್ಲ ವಾದ್ಯಗಳನ್ನು ನುಡಿಸಿ ಮುದ್ರಿಸತೊಡಗಿದ. ಮುಂದೆ ಅದು ನಿಜವಾದ ತಂಡವೇ ಆಯಿತು. 2007ರ 'ಫಿಯರ್ ಆಫ್ ಎ ಬ್ಲ್ಯಾಂಕ್ ಪ್ಲ್ಯಾನೆಟ್' ಆಲ್ಬಮ್ ಅನ್ನು ನೀವು ಕೇಳಲೇಬೇಕೆಂದು ನನ್ನ ಆಸೆ. ಸುಮಾರು 50 ನಿಮಿಷದ ಈ ಕೃತಿಯ ನಾಯಕ ನಿಮ್ಮಂತೆಯೇ ಹದಿಹರೆಯದವನು. ಟಿ.ವಿ., ವಿಡಿಯೋ ಆಟ, ಗುಳಿಗೆ ಇವುಗಳ ನಡುವೆ ಕುಳಿತು ಅವನಿಗೆ ಯಾವುದರಲ್ಲೂ ಆಸಕ್ತಿ ಇಲ್ಲದಂತಾಗಿದೆ. ಮನೆಯಲ್ಲಿ ಎಲ್ಲವೂ ಇದೆ. ಮನಸ್ಸು ಮಾತ್ರ ಮರಗಟ್ಟಿದೆ. ಇಂದಿನ ಸ್ಮಾರ್ಟ್‌ಫೋನುಗಳು ಮನೆಮನೆಗೆ ಬರುವ ಮುನ್ನವೇ ಬಂದ ಕೃತಿ ಇದು. ಇದರಲ್ಲಿ 17 ನಿಮಿಷದ ಒಂದು ಹಾಡಿದೆ. ಆ ಹುಡುಗನ ಮಂಕು ಹೇಗಿರುತ್ತದೆಂದು ನಮಗೆ ತಟ್ಟಬೇಕಾದರೆ ಅಷ್ಟು ಹೊತ್ತು ಬೇಕೇ ಬೇಕು. ದೀರ್ಘತೆ ಸಾರ್ಥಕವಾಗುವುದು ಇಂಥ ಕಡೆ. 2010ರ ನಂತರ ಬಹುಕಾಲ ಮೌನವಾಗಿದ್ದ ತಂಡ 2022ರಲ್ಲಿ ಹೊಸ ಆಲ್ಬಮ್ ತಂದಿತು. ಕಿಂಗ್ ಕ್ರಿಮ್ಸನ್, ಯೆಸ್, ಜೆಥ್ರೋ ಟಲ್ ತಂಡಗಳ ಹಳೆಯ ಮುದ್ರಿಕೆಗಳನ್ನು ಹೊಸದಾಗಿ ಮಿಶ್ರಣ ಮಾಡಿ ಕೊಟ್ಟವನೂ ಇದೇ ವಿಲ್ಸನ್.

ಐದನೆಯದಾದ ಸ್ವೀಡನ್ನಿನ ಓಪೆತ್ ಕೂಡ ಅವನ ನೆರವು ಪಡೆದ ತಂಡ. ಗಾಯಕ ಮಿಕಾಯೆಲ್ ಓಕರ್‌ಫೆಲ್ಟ್ ಒಂದೇ ಹಾಡಿನಲ್ಲಿ ಗರ್ಜಿಸಿ, ಮರುಕ್ಷಣ ಲಾಲಿಯಂತೆ ಮೃದುವಾಗಿ ಹಾಡಬಲ್ಲ. ವಿಲ್ಸನ್ ನಿರ್ಮಾಣದಲ್ಲಿ ಕೈಜೋಡಿಸಿದ 2001ರ 'ಬ್ಲ್ಯಾಕ್‌ವಾಟರ್ ಪಾರ್ಕ್' ಈ ಬಗೆಯ ಉತ್ತಮ ಮಾದರಿ. 2011ರಲ್ಲಿ ಓಪೆತ್ ಆ ಗರ್ಜನೆಯನ್ನು ಪೂರ್ತಿ ಕೈಬಿಟ್ಟಿತು. ಹಲವು ಅಭಿಮಾನಿಗಳು ಮುನಿಸಿಕೊಂಡರೂ ತನಗೆ ಬೇಕಾದ ದಾರಿಯಲ್ಲೇ ನಡೆದು, 2024ರ ಆಲ್ಬಮ್‌ನಲ್ಲಿ ಗರ್ಜನೆಯನ್ನು ಮರಳಿ ತಂದಿತು. ಈ ತಂಡ 2009ರಲ್ಲಿ ಮದ್ರಾಸ್ ಐ.ಐ.ಟಿ.ಯ ವಿದ್ಯಾರ್ಥಿ ಉತ್ಸವದಲ್ಲಿ ನುಡಿಸಿತ್ತು. ಅದೇ ವರ್ಷ ಪೋರ್ಕ್ಯುಪೈನ್ ಟ್ರೀ ಬೊಂಬಾಯಿ ಐ.ಐ.ಟಿ.ಗೆ ಬಂದಿತ್ತು. ಇಂಥ ತಂಡಗಳನ್ನು ಕರೆಸಿದವರು ವಿದ್ಯಾರ್ಥಿಗಳು ಎಂಬುದನ್ನು ಗಮನಿಸಿ.

ಆರನೆಯದು ಬಿಗ್ ಬಿಗ್ ಟ್ರೇನ್. ಇಂಗ್ಲೆಂಡಿನ ಬೋರ್ನ್‌ಮತ್‌ನಲ್ಲಿ 1990ರಲ್ಲಿ ಆರಂಭವಾದ ಈ ತಂಡದ ವಸ್ತುವೇ ಬೇರೆ: ತಮ್ಮ ನಾಡಿನ ಹೊಲ, ಗಣಿ, ರೈಲು, ದುಡಿಯುವ ಜನ. 1938ರ ಜುಲೈ 3ರಂದು ಮ್ಯಾಲರ್ಡ್ ಎಂಬ ಉಗಿಯಂತ್ರ ಗಂಟೆಗೆ 126 ಮೈಲಿ, ಅಂದರೆ ಸುಮಾರು 203 ಕಿಲೋಮೀಟರ್ ವೇಗದಲ್ಲಿ ಓಡಿ ದಾಖಲೆ ಮಾಡಿತು. ಆ ಓಟವನ್ನು ಕುರಿತು ಇವರು 2013ರಲ್ಲಿ ಹದಿನೈದು ನಿಮಿಷದ ಹಾಡು ಮಾಡಿದರು. ಬಾಹ್ಯಾಕಾಶ, ಮಾಂತ್ರಿಕರು, ರಾಕ್ಷಸರು ಇವರನ್ನೇ ಹಾಡುತ್ತಿದ್ದ ಪಂಥಕ್ಕೆ ಊರಿನ ಇತಿಹಾಸವನ್ನೂ ಹಾಡಬಹುದೆಂದು ಇವರು ತೋರಿಸಿಕೊಟ್ಟರು. ಗಾಯಕ ಡೇವಿಡ್ ಲಾಂಗ್ಡನ್ 2021ರಲ್ಲಿ ತೀರಿಕೊಂಡ ಮೇಲೂ ತಂಡ ಮುಂದುವರಿದಿದೆ.

ನಮ್ಮ ಬೆಂಗಳೂರಿನಲ್ಲೂ ಈ ಪಂಥದ ಒಂದು ಕವಲಿದೆ. 2003ರಲ್ಲಿ ಆರಂಭವಾದ ಅಗಮ್ ತಂಡ ಕರ್ನಾಟಕ ಸಂಗೀತದ ಕೃತಿಗಳನ್ನು ಎಲೆಕ್ಟ್ರಿಕ್ ಗಿಟಾರ್, ಡ್ರಮ್ಸ್‌ಗಳೊಂದಿಗೆ ಹಾಡುತ್ತದೆ. ಹರೀಶ್ ಶಿವರಾಮಕೃಷ್ಣನ್ ಇದರ ಮುಖ್ಯ ಗಾಯಕರು. ಸಂಪ್ರದಾಯಸ್ಥರು ಹುಬ್ಬೇರಿಸುವುದುಂಟು. ಕೃತಿಯ ರಾಗಭಾವ ಉಳಿದಿದೆಯೇ ಎಂದು ಕೇಳಿ ನೋಡಿ ನೀವೇ ತೀರ್ಮಾನಿಸಿ.

ಇಷ್ಟು ದೀರ್ಘವಾದದ್ದನ್ನು ಈ ಕಾಲದಲ್ಲಿ ಯಾರು ಕೇಳುತ್ತಾರೆ? ಈ ಪ್ರಶ್ನೆ ನನ್ನ ಕಚೇರಿಯಲ್ಲೂ ದಿನವೂ ಏಳುತ್ತದೆ. ಅರ್ಧ ಗಂಟೆಯ ಕಾರ್ಯಕ್ರಮವನ್ನು ಹತ್ತು ನಿಮಿಷಕ್ಕೆ, ಹತ್ತನ್ನು ಒಂದಕ್ಕೆ ಇಳಿಸಿ ಎಂಬ ಒತ್ತಾಯ ನಮ್ಮ ಮೇಲಿದೆ. ಎಳೆಯರಿಗೆ ತಾಳ್ಮೆಯಿಲ್ಲ ಎಂಬುದು ಅದಕ್ಕೆ ಕೊಡುವ ಕಾರಣ. ನಾನು ಅದನ್ನು ಪೂರ್ತಿ ನಂಬುವುದಿಲ್ಲ. 2019ರಲ್ಲಿ ಟೂಲ್ ಹದಿಮೂರು ವರ್ಷಗಳ ಬಳಿಕ ಆಲ್ಬಮ್ ತಂದಾಗ ಅದು ಅಮೆರಿಕದ ಮಾರಾಟ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಅದರ ಹತ್ತು ನಿಮಿಷಕ್ಕೂ ಮಿಕ್ಕಿದ ಹಾಡೊಂದು ಅಲ್ಲಿನ ಜನಪ್ರಿಯ ನೂರು ಹಾಡುಗಳ ಪಟ್ಟಿ ಸೇರಿದ, ಅಲ್ಲಿಯವರೆಗಿನ ಅತಿ ದೀರ್ಘ ಹಾಡೆನಿಸಿತು. ಕೇಳುವವರಿದ್ದಾರೆ, ಕೇಳಿಸುವವರು ಧೈರ್ಯ ಮಾಡಬೇಕು.

ನಿಮಗೆ ನನ್ನ ಸಲಹೆ ಇಷ್ಟು. ಮೇಲಿನವುಗಳಲ್ಲಿ ಯಾವುದಾದರೂ ಒಂದು ಆಲ್ಬಮ್ ಆರಿಸಿಕೊಳ್ಳಿ. ಬೇರೆ ಕೆಲಸ ಮಾಡದೆ, ಮಿತವಾದ ಧ್ವನಿಯಲ್ಲಿ ಮೂರು ಬಾರಿ ಕೇಳಿ. ಮೊದಲ ಸಲ ಸುಮ್ಮನೆ ಕೇಳಿ. ಎರಡನೆಯ ಸಲ ಡ್ರಮ್ಸ್ ಒಂದನ್ನೇ ಹಿಂಬಾಲಿಸಿ ತಾಳ ಎಣಿಸಿ. ಮೂರನೆಯ ಸಲ, ಆರಂಭದಲ್ಲಿ ಬಂದ ಯಾವ ಸ್ವರಗುಚ್ಛ ಕೊನೆಯಲ್ಲಿ ರೂಪ ಬದಲಿಸಿ ಮರಳಿ ಬರುತ್ತದೆಂದು ಹುಡುಕಿ. ಆಮೇಲೂ ಹಿಡಿಸದಿದ್ದರೆ ಧಾರಾಳವಾಗಿ ಬಿಟ್ಟುಬಿಡಿ, ಕಷ್ಟವಾದದ್ದೆಲ್ಲ ಶ್ರೇಷ್ಠವಲ್ಲ. ಆದರೆ ಮೊದಲ ಅರ್ಧ ನಿಮಿಷದಲ್ಲಿ ಹಿಡಿಸಲಿಲ್ಲ ಎಂಬ ಕಾರಣಕ್ಕೆ ಬಿಡಬೇಡಿ. ಕಲನಶಾಸ್ತ್ರವಾಗಲಿ, ಪಂಪನ ಕಾವ್ಯವಾಗಲಿ ಅರ್ಧ ನಿಮಿಷದಲ್ಲಿ ಯಾರಿಗೂ ಒಲಿದದ್ದಿಲ್ಲ. ಕೂತು ಕೇಳುವ ಅಭ್ಯಾಸ ಒಮ್ಮೆ ಬಂದರೆ ಅದು ಸಂಗೀತಕ್ಕಷ್ಟೇ ಅಲ್ಲ, ಪಾಠಕ್ಕೂ ಮನುಷ್ಯರ ಮಾತಿಗೂ ಒದಗುತ್ತದೆ.