ಠಾಣೆಯಲ್ಲೊಂದು ಚಾಕೊಲೇಟ್ ನಡಿಗೆ
(ವಾಚನಾಲಯದ ಸಂಜೆಯ ಸಭೆಯಲ್ಲಿ ಮಾಡಿದ ಭಾಷಣ)



ಬರುವ ಭಾನುವಾರ ನಾವು ಕೆಲವರು ಕೂಡಿ ಹಳೆಯ ಠಾಣೆಯನ್ನು ಸುತ್ತುತ್ತ, ಅಲ್ಲಲ್ಲಿ ನಿಂತು ಚಾಕೊಲೇಟಿನ ರುಚಿ ನೋಡುವುದೆಂದು ಗೊತ್ತುಮಾಡಿದ್ದೇವೆ. ಹೊಟ್ಟೆಪಾಡಿಗೆ ಊರು ಬಿಟ್ಟು ಬಂದವರಿಗೆ ಇದೆಂಥ ಶೋಕಿ ಎಂದು ಹಿರಿಯರೊಬ್ಬರು ಕೇಳಿದರು. ಕೇಳಬೇಕಾದ ಮಾತೇ. ಅದಕ್ಕೆ ಉತ್ತರವಾಗಿ ನಾಲ್ಕು ಮಾತು ಅರಿಕೆ ಮಾಡಿಕೊಳ್ಳುತ್ತೇನೆ.

ಮೊದಲು ದಾರಿ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಹೊರಟ ರೈಲು ಬಂದು ನಿಂತದ್ದು ಠಾಣೆಯಲ್ಲಿ. ದಿನವೂ ಡೊಂಬಿವಲಿ, ಕಲ್ಯಾಣಗಳಿಂದ ಬಾಗಿಲಿಗೆ ಜೋತುಬಿದ್ದು ಈ ಸ್ಟೇಷನ್ನನ್ನು ದಾಟುವ ನಮ್ಮಲ್ಲಿ ಎಷ್ಟು ಮಂದಿ ಇಲ್ಲಿಳಿದು ಊರು ನೋಡಿದ್ದೇವೆ? ಜಾಂಭಳಿ ನಾಕಾದ ಪೇಟೆ, ಕೋಪಿನೇಶ್ವರನ ಗುಡಿ, ಜನ ತಲಾವಪಾಳಿ ಎನ್ನುವ ಮಾಸುಂದಾ ಕೆರೆ, ಅದರ ಪಕ್ಕದ ಇಗರ್ಜಿ. ಅಲ್ಲಿಂದ ಖೋಪಟ್ ಮಾರ್ಗವಾಗಿ ಹೆದ್ದಾರಿಯ ಕ್ಯಾಡ್ಬರಿ ನಾಕಾ. 1948ರಲ್ಲಿ ಭಾರತದಲ್ಲಿ ನೋಂದಣಿಯಾದ ಆ ಕಂಪನಿ 2014ರಲ್ಲಿ ಮಾಂಡಲೀಜ್ ಎಂದು ಹೆಸರು ಬದಲಿಸಿಕೊಂಡಿತು. ರಿಕ್ಷಾದವರು ಬದಲಿಸಿಲ್ಲ.

ಮೊದಲ ತುಂಡನ್ನು ಕೆರೆಯ ದಂಡೆಯಲ್ಲಿ ತಿನ್ನುವುದು. ಕಪ್ಪು ಚಾಕೊಲೇಟಿನಿಂದ ಆರಂಭ. ಸಿಹಿ ಮೊದಲು ನಾಲಗೆಗೆ ಹತ್ತಿದರೆ ಆಮೇಲೆ ಕಹಿಯ ಸೊಗಸು ತಿಳಿಯದು. ಮುರಿದಾಗ ಟಪ್ಪೆಂದು ಸದ್ದಾಗಬೇಕು. ಮೂಸಿ, ಬಾಯಲ್ಲಿಟ್ಟು, ಅಗಿಯದೆ ಸುಮ್ಮನಿರಬೇಕು. ಕೋಕೋ ಬೆಣ್ಣೆ ನಮ್ಮ ಮೈಬಿಸಿಗಿಂತ ತುಸು ಕಡಮೆ ಶಾಖದಲ್ಲೇ ಕರಗುತ್ತದೆ. ಆದಕಾರಣವೇ ಅದು ನಾಲಗೆಯ ಮೇಲೆ ತಾನಾಗಿ ಇಳಿಯುವುದು. ಬೇರೆ ಎಣ್ಣೆ ಸೇರಿಸಿದ ಅಗ್ಗದ ಮಾಲಾದರೆ ಮೇಣದಂತೆ ಅಂಗಳಕ್ಕೆ ಅಂಟಿಕೊಳ್ಳುವುದುಂಟು. ಪೊಟ್ಟಣದ ಹಿಂದಿನ ಸಣ್ಣಕ್ಷರಗಳನ್ನು ಓದಿರಿ. ಕಚೇರಿಯಲ್ಲಿ ಇದಕ್ಕಿಂತ ಸಣ್ಣಕ್ಷರ ಓದಿ ಸಹಿ ಹಾಕಿಸುವವರು ನಾವು!

ಇನ್ನು, ಹಿರಿಯರ ಪ್ರಶ್ನೆಗೆ ನಿಜವಾದ ಉತ್ತರ. ಕೋಕೋ ಹುಟ್ಟಿದ್ದು ಅಮೆಜಾನ್ ಕಾಡಿನಲ್ಲಿ. ಆದರೆ ದಕ್ಷಿಣ ಕನ್ನಡ, ಕಾಸರಗೋಡುಗಳ ಅಡಿಕೆ ತೋಟದ ನೆರಳಿನಲ್ಲಿ ಅದು ನಮ್ಮದೇ ಗಿಡವೆಂಬಂತೆ ಬೆಳೆಯುತ್ತದೆ. ಕಾಯಿ ಕಾಂಡಕ್ಕೇ ಅಂಟಿ ಬಿಡುತ್ತದೆ. ಒಡೆದರೆ ಒಳಗೆ ಹುಳಿಸಿಹಿ ಬಿಳಿ ತಿರುಳು. ಮಕ್ಕಳು ಅದನ್ನು ಚೀಪಿ ಬೀಜ ಉಗುಳುತ್ತಾರೆ. ಲೋಕಕ್ಕೆಲ್ಲ ಬೇಕಾದದ್ದು ಆ ಉಗುಳಿದ ಬೀಜ! ಐದಾರು ದಿನ ಹುಳಿಬರಿಸಿ, ಒಣಗಿಸಿ, ಹುರಿದ ಮೇಲೆಯೇ ಚಾಕೊಲೇಟಿನ ವಾಸನೆ.

1970ರ ದಶಕದಲ್ಲಿ ಅಡಿಕೆಯ ನಡುವೆ ಕೋಕೋ ನೆಡಿರೆಂದು ರೈತರಿಗೆ ಪ್ರೋತ್ಸಾಹ ಬಂತು. ನೆಟ್ಟರು. ಫಸಲು ಕೈಗೆ ಬಂದ ಹೊತ್ತಿಗೆ, ದಶಕದ ಕೊನೆಗೆ, ಬೆಲೆ ಬಿತ್ತು; ಕೊಳ್ಳುವವರು ಹಿಂದೆಗೆದರು. ಹಸಿ ಬೀಜವೇನು ಭತ್ತವೇ, ಕಣಜದಲ್ಲಿಟ್ಟು ಕಾಯಲು? ಆಗ ಮುಂದೆ ಬಂದದ್ದು ಕ್ಯಾಂಪ್ಕೋ. 1973ರಲ್ಲಿ ಅಡಿಕೆ ಬೆಳೆಗಾರರು ಕಟ್ಟಿಕೊಂಡ ಸಹಕಾರಿ ಸಂಘವದು. ವಾರಣಾಶಿ ಸುಬ್ರಾಯ ಭಟ್ಟರು ಅದರ ಸ್ಥಾಪಕ ಅಧ್ಯಕ್ಷರು. ಬೀಜ ಕೊಂಡಿತು. ಕೊಂಡದ್ದನ್ನು ಮಾರುವುದೆಲ್ಲಿ ಎಂಬ ಕಷ್ಟ ಎದುರಾದಾಗ, ತಾನೇ ಚಾಕೊಲೇಟ್ ಮಾಡುವ ಧೈರ್ಯಕ್ಕೂ ಇಳಿದು, 1986ರಲ್ಲಿ ಪುತ್ತೂರಿನಲ್ಲಿ ಕಾರ್ಖಾನೆ ತೆರೆಯಿತು. ಅಡಿಕೆ ಸುಲಿಯುವ ಕೈ ಚಾಕೊಲೇಟ್ ಕಾರ್ಖಾನೆಯ ಒಡೆತನ ಪಡೆದದ್ದು ನನಗಂತೂ ಸಣ್ಣ ಸಂಗತಿಯಾಗಿ ಕಾಣುವುದಿಲ್ಲ.

ಬೆಲೆಯ ಆಟ ಮುಗಿದಿಲ್ಲ. 2024ರಲ್ಲಿ ಲೋಕದ ಪೇಟೆಯಲ್ಲಿ ಕೋಕೋ ಟನ್ನಿಗೆ 10,000 ಡಾಲರು ಮೀರಿತು, ಮರುವರ್ಷ ಇಳಿಯಿತು. ಇಂಥ ಹೊತ್ತಿನಲ್ಲಿ ಪೊಟ್ಟಣದ ಮೇಲಿನ ತೂಕವನ್ನೂ ನೋಡಬೇಕು. ಬೆಲೆ ಅದೇ ಇದ್ದು ಬಾರು ತೆಳ್ಳಗಾಗುವುದುಂಟು.

ಆದ್ದರಿಂದ ಕೊನೆಯ ತುಂಡನ್ನು ಕ್ಯಾಡ್ಬರಿ ನಾಕಾದಲ್ಲೇ ತಿನ್ನೋಣ, ಆದರೆ ಅದು ಪುತ್ತೂರಿನದಾಗಿರಲಿ. ಎರಡನ್ನೂ ಪಕ್ಕಪಕ್ಕ ಇಟ್ಟು ರುಚಿ ನೋಡಿ. ನಮ್ಮೂರದ್ದೆಂದು ಹೆಚ್ಚು ಅಂಕ ಕೊಡಬೇಕಾಗಿಲ್ಲ.

ಬೆಳಿಗ್ಗೆ ಏಳಕ್ಕೆ ಠಾಣೆ ಸ್ಟೇಷನ್ನಿನ ಪಶ್ಚಿಮ ಬಾಗಿಲಲ್ಲಿ ಸೇರುವುದು. ಬಿಸಿಲೇರಿದರೆ ಚಾಕೊಲೇಟು ಕೈಯಲ್ಲೇ ಕರಗುತ್ತದೆ. ನೀರಿನ ಬಾಟಲಿ ತನ್ನಿ. ಸಕ್ಕರೆ ಕಾಯಿಲೆಯವರು ನಡಿಗೆಗೆ ಬರಲಿ, ಮೂಸಿ ನೋಡಲು ಅಡ್ಡಿಯಿಲ್ಲ. ಮಕ್ಕಳನ್ನು ಕರೆತರಬಹುದು; ಚೀಲವನ್ನು ಮಾತ್ರ ಅವರ ಕೈಗೆ ಕೊಡಬೇಡಿ.