ಅಜ್ಜಿಯ ಹವಳ, ಮೊಮ್ಮಗಳ ಕೋರಲ್

ಕೆಲವು ವಾರಗಳ ಹಿಂದೆ ಬ್ರಿಸ್ಬೇನ್‌ನ ನಮ್ಮ ಭಾನುವಾರದ ಕನ್ನಡ ತರಗತಿ ಮುಗಿದ ಮೇಲೆ ಒಬ್ಬ ಹುಡುಗಿ ಹೋಗದೆ ನಿಂತಳು. ಹದಿನಾರು ವರ್ಷದವಳು. "ಆಂಟಿ, ನಮ್ಮಜ್ಜಿ ನನ್ನ ಹತ್ರ ಮಾತು ಬಿಟ್ಟಿದಾರೆ" ಅಂದಳು.

ಆದದ್ದು ಇಷ್ಟು. ತುಮಕೂರಿನ ಅಜ್ಜಿ ತಮ್ಮ ಹವಳದ ಸರವನ್ನು ಮೊಮ್ಮಗಳಿಗೆಂದು ಕಳಿಸಿದ್ದರು. ಇವಳು ವಿಡಿಯೋ ಕಾಲ್‌ನಲ್ಲಿ, "ಇದು ಕೋರಲ್ ಅಲ್ವಾ ಅಜ್ಜಿ? ಇಲ್ಲಿ ರೀಫ್ ಸಾಯ್ತಾ ಇದೆ. ನಾನು ಹಾಕ್ಕೊಳಲ್ಲ" ಅಂದುಬಿಟ್ಟಿದ್ದಾಳೆ. ಅಜ್ಜಿಗೆ ರೀಫ್ ಎಂದರೇನೆಂದು ಗೊತ್ತಿಲ್ಲ. ಸರ ಬೇಡ ಅಂದದ್ದು ಮಾತ್ರ ಚೆನ್ನಾಗಿ ಗೊತ್ತಾಗಿದೆ.

ಅವಳಿಗೆ ಹೇಳಿದ್ದನ್ನೇ ಇವತ್ತು ನಿಮಗೂ ಹೇಳುತ್ತೇನೆ.

ಹವಳ. ಕೊನೆಯದು ಳ, ನಾಲಿಗೆ ಮಡಿಸಿ ಹೇಳಬೇಕು. ಹವಾಲಾ ಅಂದರೆ ಪೊಲೀಸರು ಬಂದಾರು! ಸಂಸ್ಕೃತದಲ್ಲಿ ಇದು ಪ್ರವಾಳ. ಆ ಪದಕ್ಕೆ ಎಳೆಯ ಚಿಗುರು ಎಂಬ ಅರ್ಥವೂ ಇದೆ. ಕೆಂಪಗೆ ಹೊರಡುವ ಮಾವಿನ ಚಿಗುರು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪ್ರವಾಳ ಪವಳವಾಯಿತು. ಆಮೇಲೆ, ಹಳೆಗನ್ನಡದ ಪಾಲು ಹಾಲಾದಂತೆ, ಪುಲಿ ಹುಲಿಯಾದಂತೆ, ಪವಳ ಹವಳವಾಯಿತು. ನಿಮ್ಮ ತಮಿಳು ಗೆಳೆಯರನ್ನು ಕೇಳಿ ನೋಡಿ, ಅವರು ಇವತ್ತಿಗೂ ಪವಳಂ ಅನ್ನುತ್ತಾರೆ. ನಾವು ಪಾರಿಜಾತ ಅನ್ನುವ ಹೂವು ಅವರಿಗೆ ಪವಳಮಲ್ಲಿ. ಅದರ ತೊಟ್ಟಿನ ಬಣ್ಣ ನೆನಪಿಸಿಕೊಳ್ಳಿ.

ಕನ್ನಡದಲ್ಲಿ ಮುತ್ತು, ಹವಳ ಜೋಡಿಯಾಗಿಯೇ ಓಡಾಡುತ್ತವೆ. ಹಲ್ಲಿಗೆ ಮುತ್ತು, ತುಟಿಗೆ ಹವಳ ಎನ್ನುವುದು ಕವಿಗಳ ಹಳೆಯ ರೂಢಿ. ನವರತ್ನಗಳಲ್ಲಿ ಹವಳವೂ ಒಂದು. ಕರಿಮಣಿಯ ಜೊತೆ ಹವಳ ಪೋಣಿಸುವ ಮನೆಗಳು ನಮ್ಮಲ್ಲಿ ಎಷ್ಟೋ ಇವೆ.

ಆದರೆ ಆ ಕೆಂಪು ಹವಳ ನಮ್ಮ ಕಡಲಿನದಲ್ಲ. ನಮ್ಮಲ್ಲಿಗೆ ಬಂದ ಹಳೆಯ ಮಣಿಗಳು ಹೆಚ್ಚಾಗಿ ಮೆಡಿಟರೇನಿಯನ್ ಸಮುದ್ರದವು. ರೋಮಿನವರಿಗೆ ಭಾರತದ ಮುತ್ತು ಎಷ್ಟು ಪ್ರಿಯವೋ ಭಾರತದವರಿಗೆ ಹವಳ ಅಷ್ಟು ಪ್ರಿಯ ಎಂದು ಒಂದನೆಯ ಶತಮಾನದಲ್ಲೇ ಪ್ಲಿನಿ ಬರೆದಿಟ್ಟಿದ್ದಾನೆ. 18ನೇ ಶತಮಾನದಲ್ಲಿ ಇಟಲಿಯ ಲಿವೋರ್ನೊದ ಯಹೂದಿ ವರ್ತಕರು ಗೋವಾಕ್ಕೆ ಹವಳ ಕಳಿಸಿ, ಬದಲಿಗೆ ವಜ್ರ ತರಿಸಿಕೊಳ್ಳುತ್ತಿದ್ದರು. ಪದ ಸಂಸ್ಕೃತದ್ದು, ಮಣಿ ಇಟಲಿ ಕಡೆಯದು. ಆದರೂ ತುಮಕೂರಿನ ಅಜ್ಜಿಗೆ ಅದು ಹೊರಗಿನದು ಅಂತ ಒಂದು ದಿನವೂ ಅನ್ನಿಸಿಲ್ಲ.

ಇನ್ನು ನಮ್ಮ ಹುಡುಗಿಯ ಕೋರಲ್. ಅವಳು ಶಾಲೆಯಿಂದ ಹೋಗಿ ನೋಡಿದ್ದು ಗ್ರೇಟ್ ಬ್ಯಾರಿಯರ್ ರೀಫ್; ಕನ್ನಡದಲ್ಲಿ ಹವಳದ ದಿಬ್ಬ ಅನ್ನಬಹುದು. 2,300 ಕಿಲೋಮೀಟರ್ ಉದ್ದದ ಆ ದಿಬ್ಬ ಕಟ್ಟಿದ್ದು ಬೇರೆ ಜಾತಿಯ ಹವಳಗಳು. ಎರಡೂ ಪ್ರಾಣಿಗಳೇ, ಕಲ್ಲೂ ಅಲ್ಲ, ಗಿಡವೂ ಅಲ್ಲ. ಆದರೆ ದಿಬ್ಬದ ಹವಳದ ಬಣ್ಣ ಮೈಯಲ್ಲಿ, ಎಲುಬಿನಂಥ ಒಳಗಿನ ಗೂಡು ಬಿಳಿ. ಅಜ್ಜಿಯ ಹವಳದ್ದು ತಿರುಗಾಮುರುಗಾ: ಗೂಡೇ ಕೆಂಪು. ಅದಕ್ಕೇ ಪ್ರಾಣಿ ಸತ್ತ ಮೇಲೂ ಮಣಿಯ ಬಣ್ಣ ಉಳಿಯುತ್ತದೆ.

ಹಾಗಂತ ಹುಡುಗಿಯ ಅನುಮಾನ ಪೂರ್ತಿ ತಪ್ಪೂ ಅಲ್ಲ. ಕೆಂಪು ಹವಳ ವರ್ಷಕ್ಕೆ ಒಂದು ಮಿಲಿಮೀಟರಿನಷ್ಟು ಕೂಡ ದಪ್ಪವಾಗುವುದಿಲ್ಲ. ಮರದ ಅಡ್ಡತೊಲೆಗೆ ಬಲೆ ಕಟ್ಟಿ, ಸಮುದ್ರದ ತಳವನ್ನೇ ಗೋರಿ ಅದನ್ನು ಎಳೆದು ತರುತ್ತಿದ್ದರು. ಯುರೋಪಿಯನ್ ಒಕ್ಕೂಟ ಆ ಸಾಧನವನ್ನು ನಿಷೇಧಿಸಿದ್ದು 1994ರಲ್ಲಿ. ಅಜ್ಜಿಯ ಹಳೆಯ ಸರ ಹಾಕಿಕೊಳ್ಳುವುದು ಒಂದು, ಹೊಸದನ್ನು ಕೊಳ್ಳುವುದು ಇನ್ನೊಂದು. ನಾನಾದರೆ ಮೊದಲನೆಯದನ್ನು ಮಾಡುತ್ತೇನೆ, ಎರಡನೆಯದನ್ನು ಮಾಡುವುದಿಲ್ಲ. ನಿಮಗೆ ಬೇರೆ ಅನ್ನಿಸಿದರೆ ಜಗಳಕ್ಕೆ ಬನ್ನಿ, ಕನ್ನಡದಲ್ಲೇ.

ಅವಳು ಅಜ್ಜಿಗೆ ಮತ್ತೆ ಫೋನ್ ಮಾಡಿದಳು. ಈ ಸಲ ಕೋರಲ್ ಅನ್ನಲಿಲ್ಲ, "ಅಜ್ಜಿ, ಇಲ್ಲಿ ಸಮುದ್ರದೊಳಗೆ ಹವಳ ಇದೆ, ಜೀವ ಇರೋ ಹವಳ" ಅಂತ ಶುರುಮಾಡಿದಳಂತೆ. ಆ ಹವಳದ ಮೈಯೊಳಗೆ ಸಣ್ಣ ಪಾಚಿ ವಾಸವಾಗಿರುತ್ತದೆ. ಹವಳಕ್ಕೆ ಅನ್ನ ಹಾಕುವುದೂ ಬಣ್ಣ ಕೊಡುವುದೂ ಆ ಪಾಚಿಯೇ. ನೀರು ವಾರಗಟ್ಟಲೆ ಬಿಸಿಯಾದರೆ ಹವಳ ಪಾಚಿಯನ್ನು ಹೊರಹಾಕಿಬಿಡುತ್ತದೆ, ಬೆಳ್ಳಗಾಗುತ್ತದೆ. 2016ರಿಂದ 2024ರೊಳಗೆ ಐದು ಸಲ ಹೀಗೆ ದೊಡ್ಡ ಪ್ರಮಾಣದಲ್ಲಿ ಆಗಿದೆ. ಇದಕ್ಕೆ ಕನ್ನಡದಲ್ಲಿ ಏನನ್ನಬೇಕೋ ತಿಳಿಯದೆ ಹುಡುಗಿ ತಡವರಿಸಿದ್ದಾಳೆ.

"ಬಿಳಿಚಿಕೊಂಡಿದೆ ಅನ್ನು" ಅಂದರಂತೆ ಅಜ್ಜಿ. ಜ್ವರ ಬಂದ ಮಗುವಿನ ಮುಖಕ್ಕೆ ಹೇಳುತ್ತೇವಲ್ಲ, ಅದೇ ಮಾತು. ಬ್ಲೀಚಿಂಗ್ ಅಂದರೆ ನನಗೆ ಬಟ್ಟೆ ಒಗೆಯುವ ಪುಡಿ ನೆನಪಾಗುತ್ತದೆ. ಬಿಳಿಚಿಕೊಂಡಿದೆ ಅಂದರೆ ಜೀವ ಇನ್ನೂ ಇದೆ ಎಂದು ತಿಳಿಯುತ್ತದೆ. ಹವಳದ ವಿಷಯದಲ್ಲಿ ಅದು ನಿಜ ಕೂಡ. ನೀರು ಬೇಗ ತಣಿದರೆ ಎಷ್ಟೋ ಹವಳ ಚೇತರಿಸಿಕೊಳ್ಳುತ್ತವೆ.

ಸರವನ್ನು ಅವಳು ಯುಗಾದಿಗೆ ಹಾಕಿಕೊಂಡು ಬಂದಿದ್ದಳು. ಅಜ್ಜಿ ಈಗ ಪ್ರತಿ ವಾರ ಫೋನ್ ಮಾಡಿದಾಗ ಪರೀಕ್ಷೆಯ ವಿಷಯ ಆಮೇಲೆ ಕೇಳುತ್ತಾರಂತೆ. ಮೊದಲು, "ನಿಮ್ಮೂರಿನ ಹವಳ ಹೇಗಿದೆಯೇ ಪುಟ್ಟಿ?"